ಬಂದರು ಕೇರಿಯ ಎರಡು ತಾಸು

ಅವ್ವ ಕಳಿಸಿದ್ದು ಮೂವತ್ತು ರೊಟ್ಟಿ. ಗಂಟು ಬಿಚ್ಚಿದಾಗ ಇದ್ದದ್ದು ಹನ್ನೆರಡು.

ಯಮನೂರಮ್ಮ ಕಿರುಗೋಡಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಎರಡು ಸಲ ಎಣಿಸಿದಳು. ಶೇಂಗಾ ಚಟ್ನಿಯ ಡಬ್ಬಿಯೂ ಅರ್ಧ ಖಾಲಿ. ಅವ್ವನ ಗಂಟು ಹೊತ್ತು ಕುಷ್ಟಗಿಯಿಂದ ಬೆಳಿಗ್ಗೆ ಆರಕ್ಕೆ ಹೊರಟ ಬಸ್ಸು ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಘಟ್ಟ ಇಳಿದು ಈ ಕಡಲೂರಿಗೆ ಬಂದು ನಿಂತಿತ್ತು. ಕಂಡಕ್ಟರ್ ಟಿಕೆಟ್ ಮಷಿನ್ನನ್ನು ಚೀಲಕ್ಕೆ ಹಾಕಿಕೊಂಡು ಆರಾಮಾಗಿ ಇಳಿಯುತ್ತಿದ್ದ. ಅವನ ಎದುರಿಗೆ ಹೋಗಿ ನಿಂತಳು.

"ನಮ್ಮವ್ವ ಮೂವತ್ತು ರೊಟ್ಟಿ ಕೊಟ್ಟೀನಿ ಅಂದಾಳ. ಇದರಾಗ ಹನ್ನೆರಡ ಅದಾವ. ಉಳಿದುವು ಎಲ್ಲಿ ಹೋದ್ವು?"

ಅವನು ಗಂಟನ್ನೂ ಅವಳನ್ನೂ ನೋಡಿದ. "ಹಂಚಿದ್ನಿರಿ," ಎಂದ.

ಹೀಗೆ ನೇರವಾಗಿ ಒಪ್ಪಿಕೊಳ್ಳುತ್ತಾನೆಂದು ಅವಳು ಎಣಿಸಿರಲಿಲ್ಲ. ಆಮೇಲೆ ಅವನೇ ಹೇಳಿದ: ಘಟ್ಟದಲ್ಲಿ ಲಾರಿಯೊಂದು ಅಡ್ಡ ಬಿದ್ದು ಮೂರು ತಾಸು ಬಸ್ಸು ನಿಂತುಬಿಟ್ಟಿತ್ತು. ಕಾರವಾರದ ಕಡೆ ಕೆಲಸಕ್ಕೆ ಹೊರಟ ಹೆಂಗಸರು, ಮಕ್ಕಳು. ಸಕ್ಕರೆ ಕಾಯಿಲೆಯ ಮುದುಕಿಯೊಬ್ಬಳು ಬೆವತು ನಡುಗುತ್ತಿದ್ದಳು. ಸುತ್ತ ಕಾಡು, ಒಂದು ಚಹಾದಂಗಡಿಯೂ ಇಲ್ಲ. ಡ್ರೈವರ್ ಸೀಟಿನ ಹಿಂದೆ ಇದ್ದದ್ದು ಇದೊಂದೇ ಗಂಟು.

"ಗಂಟಿನ ಮ್ಯಾಲಿನ ಚೀಟಿ ಓದಿದ್ನಿರಿ. ಯಮನೂರಮ್ಮ, ಸಿಸ್ಟರ್, ಸರ್ಕಾರಿ ದವಾಖಾನಿ ಅಂತ ಇತ್ತು. ಸಿಸ್ಟರ್ ಅದಾರ, ಇಂಥಾದ್ದಕ್ಕ ಬೈಯಂಗಿಲ್ಲ ಅಂದ್ಕೊಂಡೆ." ತುಸು ತಡೆದು ಸೇರಿಸಿದ, "ಅಂದಾಜು ತಪ್ಪಿತು."

ಅವನ ತುಟಿ ನಗಲಿಲ್ಲ, ಕಣ್ಣುಗಳು ನಕ್ಕವು. ಯಮನೂರಮ್ಮನ ಮುಖಕ್ಕೆ ಬಿಸಿಯೇರಿತು. ಮುದುಕಿ ಈಗ ಹೇಗಿದ್ದಾಳೆಂದು ಕೇಳಿದಳು. ರೊಟ್ಟಿ ತಿಂದು ಅಂಕೋಲಾದಲ್ಲಿ ಗಟ್ಟಿಯಾಗಿ ಇಳಿದು ಹೋದಳಂತೆ. ಹಾಗಾದರೆ ಸರಿ ಎಂದು ಅವಳು ಗಂಟು ಕಟ್ಟಿಕೊಂಡು ತಿರುಗಿದಳು.

ಯಮನೂರಮ್ಮ ಕಿರುಗೋಡಿಗೆ ಬಂದು ಮೂರು ವರ್ಷವಾಗಿತ್ತು. ವಯಸ್ಸು ಇಪ್ಪತ್ತೊಂಬತ್ತು. ಇಲ್ಲಿನವರು ಅವಳನ್ನು ಯಮುನಾ ಸಿಸ್ಟರ್ ಅನ್ನುತ್ತಿದ್ದರು. ಅವಳೂ ತಿದ್ದುವುದನ್ನು ಬಿಟ್ಟಿದ್ದಳು. ಎಂಟರಿಂದ ನಾಲ್ಕರವರೆಗೆ ಆಸ್ಪತ್ರೆ. ಆರರ ಹೊತ್ತಿಗೆ ಕ್ವಾರ್ಟರ್ಸ್‌ನಲ್ಲಿ ಇರಬೇಕು, ಹೆರಿಗೆ ಬಂದರೆ ಕರೆಯುವುದು ಅವಳನ್ನೇ. ನಡುವಿನ ಎರಡು ತಾಸು ಹಾಸಿಗೆಯ ಮೇಲೆ ಕೂತು ಫೋನಿನಲ್ಲಿ ವರ್ಗಾವಣೆಯ ಸುದ್ದಿ ನೋಡುವುದರಲ್ಲಿ ಕಳೆಯುತ್ತಿತ್ತು. ಈ ಊರಿನಲ್ಲಿ ಅವಳು ಕಂಡದ್ದೆಂದರೆ ಆಸ್ಪತ್ರೆ, ಔಷಧಿ ಅಂಗಡಿ, ದೂರದಿಂದ ಕಡಲು, ಅಷ್ಟೆ.

ಎರಡು ದಿನ ಬಿಟ್ಟು ಅದೇ ಕಂಡಕ್ಟರ್ ಆಸ್ಪತ್ರೆಯ ಗೇಟಿನಲ್ಲಿ ನಿಂತಿದ್ದ. ಹೆಸರು ಕನಕರಾಜ, ಊರು ಅಳವಂಡಿ. ಯೂನಿಫಾರ್ಮ್ ಬಿಚ್ಚಿ ತಿಳಿನೀಲಿ ಅಂಗಿ ಹಾಕಿಕೊಂಡಿದ್ದ. ಚೀಲ ಇಲ್ಲದಿದ್ದರೂ ಅದನ್ನು ಹೊತ್ತು ಹೊತ್ತು ಎಡಭುಜ ಕೊಂಚ ವಾಲಿತ್ತು. ಹದಿನೆಂಟು ರೊಟ್ಟಿಯ ಋಣ ತನ್ನ ಮೇಲಿದೆಯೆಂದೂ, ಹಳೇ ಬಂದರು ಕೇರಿಯಲ್ಲಿ ರೊಟ್ಟಿ ಮಾಡುವ ಹೋಟೆಲ್ಲೊಂದಿದೆಯೆಂದೂ ಹೇಳಿದ.

ಕಡಲೂರಿನಲ್ಲಿ ರೊಟ್ಟಿ ಅಂದಮೇಲೆ ಅವಳ ಬಿಗುವು ಸಡಿಲಿತು. ನಾಲ್ಕು ಹೆಜ್ಜೆ ಹಿಂದೆಯೇ ಉಳಿದು ಅವನನ್ನು ಹಿಂಬಾಲಿಸಿದಳು.

ಕೇರಿ ಅಂದರೆ ಕೆಂಪು ಹೆಂಚಿನ ಹಳೆಯ ಗೋದಾಮುಗಳ ಸಾಲು, ನಡುವೆ ಇಬ್ಬರು ಎದುರಾದರೆ ಒಬ್ಬರು ಸರಿಯಬೇಕಾದ ಓಣಿ. ಒಂದು ಗೋದಾಮಿನ ಜಗಲಿಯಲ್ಲಿ ಕಾಶಿನಾಥ ಎನ್ನುವ ಅರವತ್ತರ ಗೃಹಸ್ಥ ನಾಲ್ಕು ಮೇಜು ಹಾಕಿಕೊಂಡಿದ್ದ. ಬೋರ್ಡಿಲ್ಲ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ಕೊಟ್ಟೆ ರೊಟ್ಟಿ, ಬಂಗಡೆ ಸಾರು.

ತಟ್ಟೆಗೆ ಬಂದದ್ದು ಹಲಸಿನ ಎಲೆಯ ದೊನ್ನೆಯಲ್ಲಿ ಬೇಯಿಸಿದ, ಲೋಟದ ಆಕಾರದ ಬಿಳಿ ಇಡ್ಲಿ.

ಅವಳು ಅದನ್ನೇ ನೋಡಿದಳು. ಎಲೆ ಬಿಡಿಸಿ, ಒಳಗೆ ಎಲ್ಲಾದರೂ ರೊಟ್ಟಿ ಇದೆಯೇ ಎನ್ನುವಂತೆ ಇನ್ನೊಮ್ಮೆ ನೋಡಿದಳು. "ಇದು ರೊಟ್ಟಿ?"

"ಇಲ್ಲಿಯವರು ಹಂಗ ಅಂತಾರ್ರಿ. ನಾನೂ ಮೊದಲ ದಿವಸ ಹಿಂಗ ಮೋಸ ಹೋದ್ನಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಮೂರು ವರ್ಷದಲ್ಲಿ ಈ ಊರಿನಲ್ಲಿ ಹಾಗೆ ನಕ್ಕದ್ದು ಅದೇ ಮೊದಲು. ಹಲಸಿನೆಲೆಯ ಘಮ ಹಿಡಿದ ಆ ತುಂಡನ್ನು ಬಂಗಡೆ ಮೀನಿನ ಹುಳಿಸಾರಿನಲ್ಲಿ ಅದ್ದಿ ಬಾಯಿಗಿಟ್ಟಾಗ ಅವನು ತನ್ನ ತಟ್ಟೆ ಮುಟ್ಟದೆ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಕತ್ತೆತ್ತಿದೊಡನೆ ನೀರಿನ ಲೋಟಕ್ಕೆ ಕೈಹಾಕಿದ. ಅದು ಅವಳ ಲೋಟವಾಗಿತ್ತು. ಹೇಗಿದೆಯೆಂದು ಕೇಳಿದ. ಪರವಾಗಿಲ್ಲ ಎಂದು ಹೇಳಿ ಅವಳು ಇನ್ನೂ ಎರಡು ಹಾಕಿಸಿಕೊಂಡಳು.

ಬಸ್ಸು ಎರಡು ದಿನಕ್ಕೊಮ್ಮೆ ಬರುತ್ತಿತ್ತು. ಆ ದಿನಗಳ ನಾಲ್ಕರಿಂದ ಆರು ಇಬ್ಬರದೂ ಆಯಿತು.

ಮೂವತ್ತೆರಡನೇ ವಯಸ್ಸಿನಲ್ಲಿ ಈ ರೂಟಿಗೆ ಬಂದಮೇಲೆಯೇ ಕನಕರಾಜ ಕಡಲು ನೋಡಿದ್ದಂತೆ. ಬೀಚಿನಲ್ಲಿ ಎಲ್ಲರೂ ಫೋಟೋ ತೆಗೆಯುವುದರಲ್ಲೇ ಇರುತ್ತಾರೆ, ತನಗೆ ಅಲ್ಲಿ ಕೆಲಸವಿಲ್ಲ ಎನ್ನುತ್ತಿದ್ದ. ಡ್ರೈವರ್ ಮಲಗಿ ನಿದ್ದೆ ಹೊಡೆಯುವಾಗ ಇವನು ಓಣಿ ಓಣಿ ತಿರುಗಿ, ಜಗಲಿಯ ಮೇಲೆ ಕೂತ ಮುದುಕರನ್ನು ಮಾತಾಡಿಸಿ, ಇಲ್ಲಿ ಹುಟ್ಟಿದವರಿಗೇ ಗೊತ್ತಿಲ್ಲದ ಜಾಗಗಳನ್ನು ತಿಳಿದುಕೊಂಡಿದ್ದ. ಒಂದು ದಿನ ಮುರಿದ ಸುಂಕದ ಕಟ್ಟೆಯನ್ನು ತೋರಿಸಿದ. ಅದರ ಬಾಗಿಲವಾಡದ ಕಲ್ಲಿನಲ್ಲಿ ಹಡಗೊಂದನ್ನು ಕೆತ್ತಿದ್ದರು, ಹಾಯಿಯ ಮೇಲೆ ಪಾಚಿ ಬೆಳೆದಿತ್ತು. ಇನ್ನೊಂದು ದಿನ ಮುದುಕಿಯೊಬ್ಬಳ ಅಂಗಳಕ್ಕೆ ಕರೆದೊಯ್ದ. ಅವಳು ಬೋರಲು ಹಾಕಿದ ಮಡಕೆಯ ಮೇಲೆ ಕಬ್ಬಿನ ಹಾಲಿನ ಹಿಟ್ಟು ಸವರಿ ಕಾಗದಕ್ಕಿಂತ ತೆಳ್ಳಗಿನ ತೊಡದೇವು ಎಬ್ಬಿಸಿ ಕೊಟ್ಟಳು. ಯಮನೂರಮ್ಮ ಅದನ್ನು ಮಡಚಲು ಹೋಗಿ ಪುಡಿ ಮಾಡಿದಳು. ಅವನು ತನ್ನದನ್ನು ಅವಳ ಅಂಗೈ ಮೇಲಿಟ್ಟು ಪುಡಿಯನ್ನು ತಾನು ತಿಂದ.

ಸುಂಕದ ಕಟ್ಟೆಯ ಹಿಂದೆ ಒಂದು ಬಾವಿ. ತೆರೆಯ ಸದ್ದು ಗೋಡೆಯಾಚೆಯೇ ಕೇಳಿಸುತ್ತದೆ, ಬಾವಿಯ ನೀರು ಮಾತ್ರ ಸಿಹಿ. ನಂಬದೆ ಅವಳು ಬಗ್ಗಿ ನೋಡಿದಳು. ಪಕ್ಕದಲ್ಲಿ ಅವನೂ ಬಗ್ಗಿದ. ಕೆಳಗೆ ತಿಳಿನೀರಿನಲ್ಲಿ ಎರಡು ಮುಖಗಳಿದ್ದವು. ನೀರಿನೊಳಗಿನ ಅವನು ನೀರಿನೊಳಗಿನ ಅವಳನ್ನೇ ನೋಡುತ್ತಿದ್ದ. ನೇರವಾಗಿ ನೋಡಿದ್ದರೆ ಅವಳು ಕಣ್ಣು ತಪ್ಪಿಸುತ್ತಿದ್ದಳು. ನೀರಿನಲ್ಲಿ ತಪ್ಪಿಸಲಿಲ್ಲ. ಯಾರದೋ ಕೊಡ ಕಲ್ಲಿಗೆ ತಾಗಿದ ಸದ್ದಾಗುವವರೆಗೆ ಇಬ್ಬರೂ ತಲೆ ಎತ್ತಲಿಲ್ಲ.

ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅಬ್ದುಲರೌಫರ ಹಿತ್ತಲು. ಅಬ್ದುಲರೌಫರು ದೋಣಿ ಕಟ್ಟುವ ಬಡಗಿ. ಈಗ ಕೈ ನಡುಗುತ್ತದೆಂದು ಕೆಲಸ ಬಿಟ್ಟಿದ್ದರು. ಅವರ ಹಿತ್ತಲಿನ ತೆಂಗಿನ ಮರಗಳ ನಡುವೆ, ಒಂದೇ ಬಂಡೆಯಲ್ಲಿ ಕೊರೆದ ಉದ್ದನೆಯ ಕಲ್ಲಿನ ತೊಟ್ಟಿ ಅರ್ಧ ಮಣ್ಣಿನಲ್ಲಿ ಹುದುಗಿತ್ತು.

"ನಮ್ಮ ಕಡೆ ದನಕ್ಕ ನೀರು ಕುಡಿಸೂ ದ್ವಾಣಿ ಇದ್ದಂಗ ಐತಿ," ಎಂದಳು ಯಮನೂರಮ್ಮ.

ಜೀವಮಾನವೆಲ್ಲ ದೋಣಿ ಕಟ್ಟಿದ ಅಬ್ದುಲರೌಫರು ಅದನ್ನು ಕೇಳಿ ಮನಸಾರೆ ನಕ್ಕರು. ಕಲ್ಲಿನ ದೋಣಿ ತೇಲಿಸುವ ಜನ ನೀವು ಎಂದರು. ಆಮೇಲೆ ತಮ್ಮ ಅಜ್ಜ ಹೇಳುತ್ತಿದ್ದ ಮಾತು ತಿಳಿಸಿದರು. ಹಡಗಿನಲ್ಲಿ ಬಂದ ಅರಬ್ಬಿ ಕುದುರೆಗಳು ಈ ದಡದಲ್ಲಿ ಇಳಿದು ಮೊದಲು ನೀರು ಕುಡಿಯುತ್ತಿದ್ದದ್ದು ಇದರಲ್ಲಂತೆ. ಆಮೇಲೆ ಅವು ಘಟ್ಟ ಹತ್ತಿ, ವಾರಗಟ್ಟಲೆ ನಡೆದು ತುಂಗಭದ್ರೆಯ ದಡಕ್ಕೆ, ಆನೆಗೊಂದಿಯ ಕಡೆಗೆ ಹೋಗುತ್ತಿದ್ದವಂತೆ. ಕುದುರೆಗಳೇ ನಿಮ್ಮೂರಿಗೆ ಹೋಗಿವೆ, ನೀವಿಬ್ಬರು ಯಾವಾಗ ಹೋಗುತ್ತೀರಿ ಎಂದು ಕೇಳಿ, ಅವರು ಎಳನೀರು ತರಲು ಒಳಗೆ ಹೋದರು.

ಆ ಪ್ರಶ್ನೆಗೆ ಯಮನೂರಮ್ಮ ಉತ್ತರಿಸಿದ್ದು ಕನಕರಾಜನಿಗೆ. ಮೂರು ವರ್ಷದ ಹಿಂದೆ ಗಂಗಾವತಿಯ ಕಡೆಯ ಸಂಬಂಧವೊಂದು ಕೂಡಿಬಂದಿತ್ತು. ಅಷ್ಟರಲ್ಲಿ ಇಲ್ಲಿಗೆ ನೇಮಕವಾಯಿತು. ಗಂಡಿನ ಮನೆಯವರು ಮೊದಲು ವರ್ಗ ಮಾಡಿಸಿಕೊಂಡು ಬರಲಿ, ಆಮೇಲೆ ನೋಡೋಣ ಎಂದರು. ಹುಡುಗನೂ ಫೋನು ಮಾಡಿದಾಗಲೆಲ್ಲ ಅದನ್ನೇ ಕೇಳುತ್ತಿದ್ದ. ಒಂದು ದಿನ ಫೋನು ನಿಂತಿತು, ಮರುತಿಂಗಳು ಅವನ ಮದುವೆಯ ಸುದ್ದಿ ಬಂತು. "ನಾ ಹೆಂಗ ಅದೀನಿ ಅಂತ ಯಾರೂ ಕೇಳಲಿಲ್ಲ. ಎಲ್ಲಿ ಅದೀನಿ ಅಂತ ಅಷ್ಟ ಕೇಳಿದ್ರು," ಎಂದಳು.

ಕನಕರಾಜ ತೊಟ್ಟಿಯ ಅಂಚಿನ ಮಣ್ಣನ್ನು ಬೆರಳಿನಿಂದ ಕೆರೆಯುತ್ತ ಎಲ್ಲವನ್ನೂ ಕೇಳಿಸಿಕೊಂಡ. ಹಿಂತಿರುಗುವಾಗ, ವರ್ಗಾವಣೆಯ ಅರ್ಜಿ ಈ ವರ್ಷವೂ ಹಾಕಿದ್ದೀರೇನೆಂದು ಕೇಳಿದ. ಹೌದು, ಆರ್ಡರ್ ಬಂದ ದಿನವೇ ಹೊರಡುವುದು ಎಂದಳು. ಪ್ರತಿ ವರ್ಷ ಹೇಳಿ ಹೇಳಿ ರೂಢಿಯಾದ ಮಾತದು. ಆಡಿದಮೇಲೆ, ಅದು ಈಗ ನಿಜವಲ್ಲವೆಂದು ಅವಳಿಗೇ ಹೊಳೆಯಿತು. ಹೊರಟುಹೋದರೆ ಈ ಎರಡು ತಾಸು ಎಲ್ಲಿ ಸಿಗುತ್ತದೆ? ಈ ಸಲ ಜಾಗ ಆರಿಸುವ ಕೌನ್ಸೆಲಿಂಗ್‌ಗೆ ಹೋಗುವುದೇ ಬೇಡವೆಂದು ಅಂದೇ ನಿರ್ಧರಿಸಿದಳು. ಅವನಿಗೆ ಹೇಳಲಿಲ್ಲ. ಹೇಳಿದರೆ ಎಲ್ಲವನ್ನೂ ಹೇಳಿದಂತೆಯೇ ಎಂದು ನಾಚಿಕೊಂಡಳು.

ಮೇ ತಿಂಗಳ ಮೊದಲ ವಾರ ಬಸ್ಸಿನಿಂದ ಅವನು ಇಳಿಯಲಿಲ್ಲ.

ಇಳಿದವಳು ಅತೀಯಾ ಎನ್ನುವ ಹೊಸ ಕಂಡಕ್ಟರ್. ಅವ್ವನ ಗಂಟನ್ನು ಜೋಪಾನವಾಗಿ ಕೊಟ್ಟು, ಕನಕರಾಜ ಈಗ ಈ ರೂಟಿನಲ್ಲಿಲ್ಲ, ಕುಷ್ಟಗಿ–ಅಳವಂಡಿ ಬಸ್ಸಿಗೆ ಹೋಗಿದ್ದಾನೆ ಎಂದಳು. ಡಿಪೋದಲ್ಲಿ ವರ್ಷಕ್ಕೊಮ್ಮೆ ರೂಟು ಆರಿಸಿಕೊಳ್ಳಲು ಬಿಡುತ್ತಾರೆ. ಅವನೇ ಬರೆದುಕೊಟ್ಟನಂತೆ.

"ತಾವಾಗೇ?" ಎಂದಳು ಯಮನೂರಮ್ಮ.

"ಹೌದ್ರಿ ಸಿಸ್ಟರ್. ಇಲ್ಲೀತನ ಬಂದು ಬಂದು ಸಾಕಾಗಿರಬೇಕು."

ಸಾಕಾಗಿರಬೇಕು. ಆ ಒಂದು ಮಾತು ಅವಳ ಜೊತೆಗೇ ಕ್ವಾರ್ಟರ್ಸಿಗೆ ಬಂತು, ಜೊತೆಗೇ ಡ್ಯೂಟಿಗೂ ಹೋಯಿತು. ಅವನ ನಂಬರ್ ಇತ್ತು. ಬಸ್ಸು ಬಂತೇ, ತಡವೇ ಎನ್ನುವುದಕ್ಕಲ್ಲದೆ ಇಬ್ಬರೂ ಅದನ್ನು ಬಳಸಿದವರಲ್ಲ. ಈಗ ಏನೆಂದು ಕೇಳುವುದು? ಫೋನು ಎತ್ತುತ್ತಿದ್ದಳು, ಇಡುತ್ತಿದ್ದಳು. ಅವನಿಂದಲೂ ಕರೆ ಬರಲಿಲ್ಲ. ಅವನು ಏನನ್ನೂ ಆಡಿ ತೋರಿಸಿರಲಿಲ್ಲ, ಮಾತು ಕೊಟ್ಟಿರಲಿಲ್ಲ. ಬಾವಿಯಲ್ಲಿ ಕಂಡದ್ದನ್ನು ನಂಬಿ ಕೂತದ್ದು ತನ್ನದೇ ತಪ್ಪು ಎಂದುಕೊಂಡಳು. ಆ ವಾರ ಡ್ಯೂಟಿಯಲ್ಲಿ ಎರಡು ಸಲ ಔಷಧಿ ಬಾಟಲಿ ಕೆಡವಿದಳು.

ಹದಿನೈದು ದಿನ ಕಳೆಯಿತು. ಗುರುವಾರ ಕಾರವಾರದಲ್ಲಿ ಕೌನ್ಸೆಲಿಂಗ್. ಹೋಗುವುದೋ ಬಿಡುವುದೋ ಎರಡೂ ಅವಳಿಗೆ ಒಂದೇ ಆಗಿತ್ತು. ಮಂಗಳವಾರ ಸಂಜೆ ಕಾಲು ತಾನಾಗಿಯೇ ಕೇರಿಗೆ ನಡೆಯಿತು. ಕಾಶಿನಾಥ ಒಬ್ಬನೇ ಜಗಲಿಯಲ್ಲಿ ಸಾರಿನ ಹುಳಿಗೆ ಬೇಕಾದ ಕೋಕಂ ಸಿಪ್ಪೆ ಆರಲು ಹರವುತ್ತಿದ್ದ. ಅವಳನ್ನು ಕಂಡವನೇ ಆಶ್ಚರ್ಯಪಟ್ಟ.

"ಎಂತ ಸಿಸ್ಟರೇ, ಇನ್ನೂ ಇಲ್ಲೇ ಇದ್ದೀರಾ? ನೀವು ಊರಿಗೆ ಹೋಗುವುದು ಯಾವಾಗ?"

ತಾನು ಹೋಗುತ್ತೇನೆಂದು ಯಾರು ಹೇಳಿದರೆಂದು ಕೇಳಿದಳು.

ಕಾಶಿನಾಥ ಕೈ ಒರೆಸಿಕೊಂಡು ಎದುರಿನ ಬೆಂಚಿಗೆ ಬಂದು ಕೂತ. ಕೊನೆಯ ಟ್ರಿಪ್ಪಿನಲ್ಲಿ ಕನಕರಾಜ ಇದೇ ಜಾಗದಲ್ಲಿ ಕೂತು ಬಂಗಡೆ ಸಾರು ಮಾಡುವ ಬಗೆಯನ್ನು ಒಂದೊಂದಾಗಿ ಬರೆದುಕೊಂಡನಂತೆ. ಎರಡು ಕಿಲೋ ಕೋಕಂ ಕಟ್ಟಿಸಿಕೊಂಡನಂತೆ. ನಿಮಗೇಕೆ ಇದೆಲ್ಲ ಎಂದರೆ, ಸಿಸ್ಟರ್ ನಮ್ಮ ಕಡೆ ಬರುತ್ತಾರೆ, ಅಲ್ಲಿ ಅವರಿಗೆ ಈ ಊಟ ಸಿಗುವುದಿಲ್ಲ ಎಂದನಂತೆ. ರೂಟು ಆರಿಸಲು ಮರುದಿನವೇ ಕೊನೆಯ ದಿನ, ಈಗ ಬಿಟ್ಟರೆ ಇನ್ನೊಂದು ವರ್ಷ ಅವರು ಅಲ್ಲಿ ತಾನಿಲ್ಲಿ ಆಗುತ್ತದೆ ಎಂದನಂತೆ.

"ಅವರಿಗೆ ಹೇಳಿ ಹೋಗು ಮಾರಾಯ ಅಂದೆ ನಾನು," ಎಂದ ಕಾಶಿನಾಥ. "ಕೇಳಲಿಲ್ಲ. ಹೇಳಿದರೆ ಅವರು ನನ್ನ ಸಲುವಾಗಿ ಬಂದ ಹಾಗೆ ಆಗ್ತದೆ. ಮೊದಲೇ ಒಬ್ಬ ಅವರಿಗೆ ಬಾ ಬಾ ಅಂತ ಕಾಟ ಕೊಟ್ಟಿದ್ದಾನೆ. ಅವರು ತಮ್ಮ ಊರಿಗೆ ಅಂತ ಬರಲಿ, ನಾನು ಅಲ್ಲಿರ್ತೇನೆ ಅಷ್ಟೆ ಅಂದ."

"ನಾನು ಬರದಿದ್ದರೆ?" ಎಂದು ಕೇಳಿದಳು.

"ಅದನ್ನೂ ಕೇಳಿದೆ. ಬರದಿದ್ದರೆ ಮುಂದಿನ ವರ್ಷ ಮತ್ತೆ ಇದೇ ರೂಟು ಬರೆದುಕೊಡ್ತೇನೆ ಅಂದ."

ಯಮನೂರಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಾಳೆಂದು ಕಾಶಿನಾಥ ಗಾಬರಿಯಾದ. ಅವಳು ನಗುತ್ತಿದ್ದಳು. ಆಮೇಲೆ ಎಷ್ಟು ಹಸಿವಾಗಿದೆಯೆಂದು ತಿಳಿಯಿತು. ಇದ್ದಬದ್ದದ್ದನ್ನೆಲ್ಲ ಬಡಿಸಲು ಹೇಳಿದಳು.

ಫೋನು ಮಾಡಿ ಹೇಳಿಬಿಡಲೇ ಎಂದು ದಾರಿಯಲ್ಲಿ ಯೋಚಿಸಿದಳು. ಬೇಡವೆನಿಸಿತು. ಹೇಳದೆ ಹೋದವನಿಗೆ ಹೇಳದೆಯೇ ಹೋಗಿ ನಿಲ್ಲಬೇಕು.

ಕಾರವಾರದ ಕಚೇರಿಯಲ್ಲಿ ಗೋಡೆಯ ಪರದೆಯ ಮೇಲೆ ಖಾಲಿ ಜಾಗಗಳ ಪಟ್ಟಿ ಇತ್ತು. ಒಬ್ಬೊಬ್ಬರು ಆರಿಸಿದ ಹಾಗೆ ಒಂದೊಂದು ಹೆಸರು ಕೆಂಪಾಗುತ್ತಿತ್ತು. ಕೊಪ್ಪಳ ಜಿಲ್ಲೆಯಲ್ಲಿ ಬೆಳಿಗ್ಗೆ ಒಂಬತ್ತಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಮೂರಾಯಿತು: ಕುಕನೂರು, ಹನುಮಸಾಗರ, ಅಳವಂಡಿ. ಅವಳಿಗಿಂತ ಮುಂದೆ ಯಲಬುರ್ಗಾ ಕಡೆಯ ಒಬ್ಬ ಹಿರಿಯ ಸಿಸ್ಟರ್ ಇದ್ದರು. ಅವರು ಕನ್ನಡಕ ಒರೆಸಿಕೊಂಡು ಮೂರೂ ಹೆಸರನ್ನು ಗಟ್ಟಿಯಾಗಿ ಓದಿದರು. ಅಳವಂಡಿ ಊರು ದೊಡ್ಡದು, ಬಸ್ಸು ಬೇಕಾದಷ್ಟಿವೆ, ಎಂದರು. ಯಮನೂರಮ್ಮ ಕುರ್ಚಿಯ ಅಂಚು ಹಿಡಿದುಕೊಂಡಳು. ಅವರು ಮಗಳಿಗೆ ಫೋನು ಮಾಡಿ ಕೇಳಿದರು, ಇನ್ನೊಮ್ಮೆ ಓದಿದರು, ಕೊನೆಗೆ ಕುಕನೂರು ಎಂದರು.

ಅವಳ ಸರದಿ ಬಂತು. ಗುಮಾಸ್ತರು ಅರ್ಜಿ ನೋಡಿ, ಕುಷ್ಟಗಿಯವರಲ್ಲವೇ, ಹನುಮಸಾಗರ ನಿಮ್ಮದೇ ತಾಲ್ಲೂಕು, ಅದನ್ನೇ ಹಾಕಲೇ ಎಂದರು.

"ಅಳವಂಡಿ, ಸರ್."

ಅದು ಮನೆಯಿಂದ ದೂರವಾಗುತ್ತದಲ್ಲ ಎಂದರು.

"ಅಳವಂಡಿ ಹಾಕ್ರಿ, ಸರ್." ಹಿಂದಿನ ಸಾಲಿನವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿತ್ತು ಅವಳ ದನಿ.

ಹೊರಡುವ ಹಿಂದಿನ ದಿನ ಕಾಶಿನಾಥನಿಗೂ ಅಬ್ದುಲರೌಫರಿಗೂ ಹೇಳಿ ಬಂದಳು. ಆಸ್ಪತ್ರೆಯವರು ಶಾಲು ಹೊದಿಸಿದರು. ಕುಷ್ಟಗಿಗೆ ಬಂದಾಗ ಅವ್ವ ದುರಗಮ್ಮ ಮಗಳನ್ನು ತಬ್ಬಿಕೊಂಡು ಅತ್ತು, ಅಳವಂಡಿ ಯಾಕೆ ಎಂದು ಒಂದೇ ಸಲ ಕೇಳಿ, ಮಗಳ ಮುಖ ನೋಡಿ ಮತ್ತೆ ಕೇಳಲಿಲ್ಲ.

ಜೂನ್ ಮೊದಲ ಸೋಮವಾರ. ಮುಂಗಾರಿನ ಮೊದಲ ಮಳೆ ಬಿದ್ದು ಎರಡು ದಿನವಾಗಿತ್ತು. ಕುಷ್ಟಗಿ ನಿಲ್ದಾಣದಿಂದ ಬೆಳಿಗ್ಗೆ ಏಳಕ್ಕೆ ಅಳವಂಡಿ ಬಸ್ಸು ಹೊರಟಾಗ ಯಮನೂರಮ್ಮ ನಡುವಿನ ಸೀಟಿನಲ್ಲಿ, ಕಿಟಕಿಯ ಕಡೆ ಕೂತಿದ್ದಳು. ಚೀಲವನ್ನು ಎದೆಗೆ ಅವುಚಿಕೊಂಡಿದ್ದಳು. ಕನಕರಾಜ ಮಷಿನ್ನಿನ ಮೇಲೇ ಕಣ್ಣಿಟ್ಟು ಒಂದೊಂದೇ ಸೀಟು ದಾಟಿ ಬರುತ್ತಿದ್ದ. ಸೊರಗಿದ್ದ. ಗಡ್ಡ ಬಿಟ್ಟಿದ್ದ.

"ಎಲ್ಲಿಗಿರಿ? ಆಧಾರ ತೋರಸ್ರಿ," ಎಂದ, ತಲೆ ಎತ್ತದೆ.

"ಅಳವಂಡಿ."

ಮಷಿನ್ನಿನ ಮೇಲಿದ್ದ ಬೆರಳು ನಿಂತಿತು. ಅವನು ನಿಧಾನವಾಗಿ ಕತ್ತೆತ್ತಿದ.

"ಯಾರ ಮನಿಗಿರಿ?"

"ದವಾಖಾನಿಗೆ. ಇವತ್ತಿಂದ ನಂದು ಅಲ್ಲೇ ಡ್ಯೂಟಿ."

ಅವನು ಸೀಟಿನ ಕಂಬಿಯನ್ನು ಹಿಡಿದುಕೊಂಡ. "ಹನಮಸಾಗರದಾಗೂ ಖಾಲಿ ಇತ್ತಲ್ರಿ. ಲಿಸ್ಟಿನ್ಯಾಗ ನೋಡಿದ್ನಿ. ಅದು ನಿಮ್ಮ ಮನಿಗೆ ಭಾಳ ಸಮೀಪ."

"ಇತ್ತು."

"ಮತ್ತ?"

"ಅಲ್ಲಿಗೆ ನಿಮ್ಮ ಬಸ್ ಹೋಗಂಗಿಲ್ಲ."

ಬಸ್ಸು ಒಂದು ತಗ್ಗಿನಲ್ಲಿ ಇಳಿದು ಎದ್ದಿತು. ಪಕ್ಕದ ಹೆಂಗಸು ಇಬ್ಬರನ್ನೂ ನೋಡಿ, ಏನು ಅರ್ಥವಾಯಿತೋ, ತನ್ನ ಬುಟ್ಟಿ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು. ಕನಕರಾಜ ಆ ಸೀಟಿನ ಅಂಚಿನಲ್ಲಿ ಕೂತ. ಹೇಳದೆ ಬಂದದ್ದು ತಪ್ಪಾಯಿತು ಎಂದ. ಹೌದು, ತಪ್ಪೇ ಆಯಿತು ಎಂದು ಅವಳೂ ಅಂದಳು; ಹದಿನೈದು ದಿನ ತನಗೆ ಊಟ ನಿದ್ದೆ ಇರಲಿಲ್ಲ ಎಂದಳು. ತನಗೆ ಇವತ್ತಿನವರೆಗೂ ಇಲ್ಲ ಎಂದ ಅವನು. ಗಡ್ಡ ನೋಡಿದರೆ ಗೊತ್ತಾಗುತ್ತದೆ ಎಂದಳು. ಆಗ ಅವನು ಗಡ್ಡದೊಳಗೇ ನಕ್ಕ.

"ನಿಮ್ಮ ಮನಿಗೆ ಬಂದು ನಿಮ್ಮವ್ವನ್ನ ಕೇಳಲೇನ್ರಿ?"

"ಮೊದಲ ನನ್ನ ಕೇಳ್ರಿ."

ಅವನು ಸುತ್ತ ನೋಡಿದ. ಮೂವತ್ತು ಜನ ಕೂತಿದ್ದರು, ಎಂಟು ಜನ ನಿಂತಿದ್ದರು. ಅವನು ಅವಳ ಕಡೆಗೆ ತುಸು ಬಾಗಿ, ಅವಳಿಗಷ್ಟೇ ಕೇಳುವಂತೆ ಕೇಳಿದ. "ನನ್ನ ಕೂಡ ಇರ್ತೀರೇನ್ರಿ? ಎಲ್ಲಿ ಅಂತ ನೀವ ಹೇಳ್ರಿ. ನಾ ಬರ್ತೀನಿ."

ಎಲ್ಲಿ ಎನ್ನುವುದನ್ನು ಅವಳಿಗೇ ಬಿಟ್ಟವನು ಇವನೊಬ್ಬನೇ. ಯಮನೂರಮ್ಮನ ಕಣ್ಣು ತುಂಬಿತು. ಈ ಸಲ ಅವಳು ಮುಖ ಮುಚ್ಚಿಕೊಳ್ಳಲಿಲ್ಲ, ಕಣ್ಣೂ ತಪ್ಪಿಸಲಿಲ್ಲ.

"ಇರ್ತೀನಿ," ಎಂದಳು.

ಹಿಂದಿನಿಂದ ಯಾರೋ ಟಿಕೆಟ್ ಕೇಳಿದರು. ಅವನು ಎದ್ದು ಹೋದ. ಕಿಟಕಿಯಾಚೆ ಹಸಿಯಾದ ಎರೆಹೊಲದಲ್ಲಿ ಹೆಂಗಸರು ಸಾಲು ಹಿಡಿದು ಹೆಸರುಕಾಳು ಬಿತ್ತುತ್ತಿದ್ದರು. ಅವಳು ಅತ್ತ ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದಾಗ ಕೊನೆಯ ಸೀಟಿನಿಂದ ಒಬ್ಬ ಅಜ್ಜನ ದನಿ ಬಸ್ಸಿಗೆಲ್ಲ ಕೇಳಿಸಿತು. ತಾನು ಕೊಪ್ಪಳಕ್ಕೆ ಇಳಿಯುವವನು, ಅಳವಂಡಿ ಟಿಕೆಟ್ ಯಾಕೆ ಕೊಟ್ಟೆ ಎಂದು ಅಜ್ಜ ಕೇಳುತ್ತಿದ್ದ. ಅವನ ಮುಂದಿನ ಸೀಟಿನವರೂ ತಮ್ಮ ಟಿಕೆಟ್ ತೆಗೆದು ನೋಡಿಕೊಂಡರು. ಅವರದೂ ಅಳವಂಡಿಯೇ ಆಗಿತ್ತು.